ಬೆಳಿಗ್ಗೆ ತಿರುಗದ ಮಿಷಿನ್

ಆ ಚಳಿಗಾಲದಲ್ಲಿ ನಾನು ಕಡಬಕ್ಕೆ ಐದು ಸಲ ಹೋದೆ. ಐದು ಸಲವೂ ಒಂದೇ ಮನೆಗೆ, ಒಂದೇ ಹೊಲಿಗೆ ಮಿಷಿನ್ನಿನ ಸಲುವಾಗಿ. ಮೊದಲ ಮೂರು ಸಲ ಅದು ನನ್ನೆದುರು ಯಾವ ತಕರಾರೂ ಇಲ್ಲದೆ ಓಡಿತು. ನನ್ನ ರಿಪೋರ್ಟ್ ಪುಸ್ತಕದಲ್ಲಿ ಮೂರು ಸಲವೂ ‘ಪರೀಕ್ಷಿಸಿದೆ, ಸರಿ ಇದೆ’ ಎಂದು ಬರೆದು ಸಹಿ ಹಾಕಿದ್ದೇನೆ. ಆ ಸಹಿಗಳು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಗ ನಾನು ಪುತ್ತೂರಿನ ಒಂದು ಹೊಲಿಗೆ ಮಿಷಿನ್ ಏಜೆನ್ಸಿಯಲ್ಲಿ ಫಿಟ್ಟರ್. ಮಿಷಿನ್ ಕೊಂಡವರ ಮನೆಗೆ ಅದನ್ನು ತಲುಪಿಸುವುದು, ನೂಲು ಏರಿಸಲು ಕಲಿಸುವುದು, ಕೆಟ್ಟಿತೆಂದು ಕಾಗದ ಬಂದರೆ ಹೋಗಿ ನೋಡುವುದು ನನ್ನ ಕೆಲಸ. ಸುಳ್ಯ, ಕಡಬದ ಕಡೆಗೆ ಹೋಗುವ ಬಸ್ಸುಗಳಲ್ಲಿ ಯಾವ ಸೀಟಿನ ಮೊಳೆ ಮೇಲೆದ್ದಿದೆ ಎಂಬುದು ಕೂಡ ನನಗೆ ಗೊತ್ತಿತ್ತು. ಮಿಷಿನ್ ಮಾಡುವ ಕಂಪೆನಿ ಮದ್ರಾಸಿನದು, ಅದರ ಒಂದು ಶಾಖೆ ಬೆಂಗಳೂರಿನಲ್ಲಿ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ ವರ್ಷ. ಪೇಟೆಯಲ್ಲಿ ಅದಕ್ಕೆ ಭಾಷಣ, ಮೆರವಣಿಗೆ ಎಲ್ಲ ಆಯಿತು. ಅದರಿಂದ ಒಂದು ಹೊಲಿಗೆ ಮಿಷಿನ್ನಿಗೆ ಏನಾಗಬಹುದು ಎಂದು ಯಾರೂ ಯೋಚಿಸಿರಲಿಕ್ಕಿಲ್ಲ, ನಾನಂತೂ ಯೋಚಿಸಿರಲಿಲ್ಲ.

ಜಿಲ್ಲೆ ಕೈ ಬದಲಾಗುವ ಕೆಲವು ವಾರ ಮುಂಚೆ ಆ ಮಿಷಿನ್ ಮಾರಾಟವಾಯಿತು. ಕೊಂಡವರು ಕಡಬದ ಒಬ್ಬ ಬ್ಯಾರಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಆರು ವರ್ಷ ಬೀಡಿ ಕಟ್ಟಿ ಮನೆ ನಡೆಸಿದವರು. ನೆಂಟರ ಮನೆಯ ಹಳೆಯ ಮಿಷಿನ್ನಿನಲ್ಲಿ ಹೊಲಿಗೆ ಕಲಿತು, ಕೊನೆಗೆ ಕಿವಿಯ ಅಲಿಕತ್ತು ಮಾರಿ, ಪೂರ್ತಿ ಹಣ ಎಣಿಸಿಟ್ಟು, ಕೈಯಲ್ಲಿ ತಿರುಗಿಸುವ ಒಂದು ಹೊಸ ಮಿಷಿನ್ ಕೊಂಡಿದ್ದರು. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ನಮ್ಮ ಮಾತು ಹೆಚ್ಚಾಗಿ ತುಳುವಿನಲ್ಲಿ, ನಡುನಡುವೆ ಕನ್ನಡದಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮಿಷಿನ್ ತಲುಪಿಸಿದ ದಿನ ನಾನು ಎಲ್ಲವನ್ನೂ ಕ್ರಮವಾಗಿ ತೋರಿಸಿದೆ. ನೂಲು ಎಲ್ಲಿಂದ ಎಲ್ಲಿಗೆ ಹೋಗಬೇಕು, ಬಾಬಿನ್ ಯಾವ ಕಡೆಗೆ ತಿರುಗಬೇಕು, ಸೂಜಿಯ ಚಪ್ಪಟೆ ಮುಖ ಯಾವ ದಿಕ್ಕಿಗಿರಬೇಕು. ಕಂಪೆನಿಯ ಪುಸ್ತಿಕೆ ಇಂಗ್ಲಿಷಿನಲ್ಲಿತ್ತು, ಹಾಗಾಗಿ ಪುಸ್ತಿಕೆಯೂ ನಾನೇ. ಮಿಷಿನ್ನಿನ ಮೈಮೇಲಿದ್ದ ಏಳು ಸಣ್ಣ ತೂತುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿ, ದಿನಾ ಕೆಲಸ ಮುಗಿದ ಮೇಲೆ ಇಲ್ಲಿಗೆಲ್ಲ ಎರಡೆರಡು ಹನಿ ಎಣ್ಣೆ ಬಿಡಬೇಕು, ಒಂದು ದಿನವೂ ತಪ್ಪಿಸಬಾರದು ಎಂದೆ. ಪೆಟ್ಟಿಗೆಯಲ್ಲಿ ಮೂತಿ ಉದ್ದದ ಒಂದು ಖಾಲಿ ಡಬ್ಬಿ ಬರುತ್ತಿತ್ತು. ತುಂಬಿಸಿ ಕಳುಹಿಸಿದರೆ ದಾರಿಯಲ್ಲಿ ಸೋರುತ್ತದೆಂದು ಕಂಪೆನಿಯವರು ಖಾಲಿಯೇ ಕಳುಹಿಸುತ್ತಿದ್ದರು. ಇದರಲ್ಲಿ ತುಂಬಿಸಿಟ್ಟುಕೊಳ್ಳಿ ಎಂದು ಅದನ್ನು ಅವರ ಕೈಗೆ ಕೊಟ್ಟೆ. ಅವರು ಏಳೂ ತೂತುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿ ಒಪ್ಪಿಸಿದರು. ಇಷ್ಟು ಗಮನ ಕೊಟ್ಟು ಕೇಳಿದ ಗಿರಾಕಿಯನ್ನು ನಾನು ಕಂಡೇ ಇರಲಿಲ್ಲ.

ಕೊನೆಗೆ ಮಿಷಿನ್ನನ್ನು ಹಿಂದಕ್ಕೆ ಮಗುಚಿ ಅಡಿಯ ತಗಡಿನ ಮುಚ್ಚಳ ತೋರಿಸಿದೆ. ಅದರ ಎರಡು ಸ್ಕ್ರೂಗಳ ತಲೆಯಲ್ಲಿ ಹಾದುಹೋದ ತಂತಿಗೆ ಕಂಪೆನಿಯ ಸೀಸದ ಸೀಲ್ ಇತ್ತು. ಗ್ಯಾರಂಟಿ ಐದು ವರ್ಷ, ಆದರೆ ಸೀಲ್ ಒಡೆದರೆ ಗ್ಯಾರಂಟಿ ಇಲ್ಲ. ಒಡೆಯುವ ಅಧಿಕಾರ ಕಂಪೆನಿಯ ಇನ್ಸ್‌ಪೆಕ್ಟರಿಗೆ ಮಾತ್ರ, ನನಗೂ ಇಲ್ಲ ಎಂದು ತಿಳಿಸಿದೆ. ಅವರು ಸೀಲನ್ನು ಸ್ವಲ್ಪ ಹೊತ್ತು ನೋಡಿದರು.

“ಹಾಗಾದ್ರೆ ಅಷ್ಟು ಭಾಗ ನೀವು ಇನ್ನೂ ಮಾರಿದ್ದಲ್ಲ,” ಎಂದರು.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಡಿಸೆಂಬರಿನ ಮೊದಲ ವಾರ ಅಂಗಡಿಗೆ ಒಂದು ಕಾರ್ಡು ಬಂತು. ಅವರಿಗೆ ಕನ್ನಡ ಬರೆಯಲು ಬಾರದ ಕಾರಣ ಪೇಟೆಯ ಯಾರೋ ಅಂಗಡಿಯವರಿಂದ ಬರೆಸಿದ್ದರು. ಮಿಷಿನ್ ಬಿಗಿಯಾಗಿದೆ, ನೂಲು ಕಡಿಯುತ್ತಿದೆ, ಬೇಗ ಬರಬೇಕು. ಕೋಡಿಂಬಾಳದ ಒಂದು ದೊಡ್ಡ ಮನೆಯ ಮದುವೆಗೆ ಇಪ್ಪತ್ತನಾಲ್ಕು ರವಕೆ ಹೊಲಿಯಲು ಒಪ್ಪಿಕೊಂಡಾಗಿದೆ ಎಂದೂ ಅದರಲ್ಲಿತ್ತು. ಆ ಮನೆಯ ಬಟ್ಟೆ ಅಲ್ಲಿಯವರೆಗೆ ಪುತ್ತೂರಿನ ಟೈಲರನಿಗೇ ಹೋಗುತ್ತಿತ್ತು. ಮದುವೆ ಜನವರಿಯ ಕೊನೆಯ ವಾರ. ಈ ರವಕೆಗಳು ಚಂದ ಆದರೆ ಸುತ್ತಿನ ಹತ್ತು ಮನೆಯ ಬಟ್ಟೆ ಅವರ ಕೈಗೆ ಬರುತ್ತಿತ್ತು. ಆಗದಿದ್ದರೆ ಪುನಃ ಬೀಡಿಯ ಮೊರ ತೊಡೆಯ ಮೇಲೆ.

ನಾನು ಮರುದಿನವೇ ಹೊರಟೆ. ಬೆಳಗಿನ ಬಸ್ಸು ಉಪ್ಪಿನಂಗಡಿಯಲ್ಲಿ ಅರ್ಧ ಗಂಟೆ ನಿಂತು, ಪೆರಾಬೆಯಲ್ಲಿ ಮೂಟೆ ಇಳಿಸಿ ಹತ್ತಿಸಿ ಕಡಬ ಮುಟ್ಟುವಾಗ ಹನ್ನೊಂದು ಗಂಟೆ. ಅವರ ಮನೆಗೆ ಹೋಗಿ ಹಿಡಿ ತಿರುಗಿಸಿದರೆ ಮಿಷಿನ್ ನೀರಿನ ಹಾಗೆ ಓಡಿತು. ಎರಡು ಪದರ ಬಟ್ಟೆ, ನಾಲ್ಕು ಪದರ ಬಟ್ಟೆ, ಮಡಚಿದ ಅಂಚು, ಎಲ್ಲದರ ಮೇಲೂ ಹೊಲಿದು ನೋಡಿದೆ. ಒಂದು ಹೊಲಿಗೆಯೂ ತಪ್ಪಲಿಲ್ಲ. ಬೆಳಿಗ್ಗೆ ನೋಡಬೇಕು, ಬೆಳಿಗ್ಗೆ ಮಾತ್ರ ಹೀಗಾಗುವುದು ಎಂದು ಅವರು ಹೇಳಿದರು. ಕಬ್ಬಿಣಕ್ಕೆ ಬೆಳಿಗ್ಗೆ ಮಧ್ಯಾಹ್ನ ಗೊತ್ತಾಗುವುದಿಲ್ಲ ಅಕ್ಕ ಎಂದೆ. ಬಹಳ ಬುದ್ಧಿವಂತಿಕೆಯ ಮಾತು ಆಡಿದೆನೆಂದು ಅಂದುಕೊಂಡಿದ್ದೆ.

ಎರಡನೆಯ ಸಲ ಹೋದಾಗ ಅವರು ಸಾಕ್ಷಿ ಇಟ್ಟುಕೊಂಡಿದ್ದರು. ಹಸಿರು ರೇಶಿಮೆಯ ಒಂದು ರವಕೆ, ತೋಳಿನ ಹೊಲಿಗೆಯಲ್ಲಿ ಮೂರು ಕಡೆ ನೂಲು ಕಡಿದ ಗುರುತು, ಪಕ್ಕದಲ್ಲಿ ಎಣ್ಣೆಯ ಕಲೆ. ಮಿಷಿನ್ ಮಾತ್ರ ಆ ದಿನವೂ ನನ್ನ ಮಾನ ಕಳೆಯದೆ ಓಡಿತು. ಸೂಜಿ ಬದಲಿಸಿದೆ, ನೂಲಿನ ಬಿಗಿ ಸಡಿಲಿಸಿದೆ, ಬಟ್ಟೆ ಒತ್ತುವ ಪಾದದ ಸ್ಪ್ರಿಂಗ್ ಇಳಿಸಿದೆ, ಅಡಿಯ ನೂಲನ್ನು ಹೊತ್ತು ಓಡುವ ಶಟಲ್ ಬಿಚ್ಚಿ ಅದರ ಮೂತಿ ಸವೆದಿದೆಯೇ ಎಂದು ಉಗುರಿನಲ್ಲಿ ಸವರಿ ನೋಡಿದೆ. ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗ ಫಿಟ್ಟರನಿಗೆ ಬರುವ ಸಿಟ್ಟು ಮಿಷಿನ್ನಿನ ಮೇಲೆ ಹೋಗುವುದಿಲ್ಲ, ಗಿರಾಕಿಯ ಮೇಲೆ ಹೋಗುತ್ತದೆ.

ಅಂಗಡಿಯ ಧಣಿ ಆ ಸಿಟ್ಟಿಗೆ ಒಂದು ಹೆಸರು ಕೊಟ್ಟರು. ಕೈ ಕೂತಿಲ್ಲ, ಹೊಸಬರು, ಅಷ್ಟೇ, ಎಂದರು. ಮೂರನೆಯ ಸಲ ಕಡಬಕ್ಕೆ ಹೋದಾಗ ನಾನು ಆ ಮಾತನ್ನೇ ಸ್ವಲ್ಪ ಸಕ್ಕರೆ ಸವರಿ ಹೇಳಿದೆ. ಅವರು ಬಲಗೈಯನ್ನು ನನ್ನ ಮುಂದೆ ಚಾಚಿದರು. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಬೀಡಿ ಎಲೆ ಉಜ್ಜಿ ಉಜ್ಜಿ ಚರ್ಮ ದಪ್ಪಗಾಗಿತ್ತು.

“ಆರು ವರ್ಷ ಬೀಡಿ ಕಟ್ಟಿದ ಕೈ ಇದು. ಎಲೆ ಒಂದು ನೂಲು ಹೆಚ್ಚುಕಮ್ಮಿ ಆದ್ರೆ ಬೆರಳಿಗೆ ಗೊತ್ತಾಗ್ತದೆ. ಬೆಳಿಗ್ಗೆ ಬಿಗಿ ಉಂಟು ಅಂದ್ರೆ ಉಂಟು. ನೀವು ಹನ್ನೊಂದು ಗಂಟೆಯ ಬಸ್ಸಿಗೆ ಬಂದು ನನಗೆ ಎಂತ ಹೇಳುದು?”

ನಾನು ರಿಪೋರ್ಟ್ ಪುಸ್ತಕದಲ್ಲಿ ‘ಸರಿ ಇದೆ’ ಎಂದು ಬರೆದು ಹೆಬ್ಬೆಟ್ಟಿಗೆ ಪುಸ್ತಕ ಮುಂದಿಟ್ಟೆ. ಅವರು ಒತ್ತಲಿಲ್ಲ. ಗಿರಾಕಿಯ ಗುರುತಿಲ್ಲದ ಆ ಹಾಳೆ ನನ್ನ ಚೀಲದಲ್ಲಿ ಪುತ್ತೂರಿನವರೆಗೂ ಚುಚ್ಚುತ್ತಾ ಬಂತು.

ಈ ನಡುವೆ ಕಾಗದಗಳ ಓಡಾಟ ಬೇರೆ ನಡೆದಿತ್ತು. ಮೊದಲ ಕಾರ್ಡು ಬಂದಾಗಲೇ ನಾನು ಮದ್ರಾಸಿಗೆ ಬರೆದಿದ್ದೆ. ಹತ್ತು ದಿನದ ಮೇಲೆ ಉತ್ತರ ಬಂತು: ನಿಮ್ಮ ಜಿಲ್ಲೆ ಈಗ ಮೈಸೂರು ರಾಜ್ಯಕ್ಕೆ ಸೇರಿರುವುದರಿಂದ ದಯವಿಟ್ಟು ಬೆಂಗಳೂರು ಶಾಖೆಗೆ ಬರೆಯಿರಿ. ಬೆಂಗಳೂರಿಗೆ ಬರೆದೆ. ಅವರು ಇನ್ನೂ ವಿನಯದಿಂದ, ಮಾರಾಟದ ದಿನ ನಿಮ್ಮ ಜಿಲ್ಲೆ ಮದ್ರಾಸಿನಲ್ಲಿದ್ದುದರಿಂದ ಈ ಗ್ಯಾರಂಟಿ ಮದ್ರಾಸಿನದು ಎಂದು ಬರೆದರು. ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಸರಿಯಾಗಿಯೇ ಕಾಣುತ್ತಿದ್ದವು. ಮಿಷಿನ್ ಕಡಬದಲ್ಲಿ, ಗ್ಯಾರಂಟಿ ಯಾವ ರಾಜ್ಯದಲ್ಲೂ ಇಲ್ಲ.

ನಾನು ಎರಡೂ ಕಾಗದಗಳ ನಕಲು ಮಾಡಿ, ಶಟಲ್ ಓಡುವ ಬಳೆಯಲ್ಲಿ ದೋಷ ಇರಬಹುದು, ಹೊಸದು ಕಳುಹಿಸಿ ಎಂದು ಪುನಃ ಮದ್ರಾಸಿಗೆ ಬರೆದೆ. ಕರುಣೆ ಬಂತೋ ಬೇಸರ ಬಂತೋ, ಈ ಸಲ ಭಾಗ ಕಳುಹಿಸಿದ್ದೇವೆ ಎಂದು ರೈಲ್ವೆ ರಸೀದಿಯೇ ಬಂತು. ಧಣಿ ಅದನ್ನು ಓದಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಪಾರ್ಸೆಲ್ ಪುತ್ತೂರು ರೈಲು ನಿಲ್ದಾಣಕ್ಕೆ ಬುಕ್ ಆಗಿತ್ತು. ನಮ್ಮ ಪುತ್ತೂರಿಗೆ ರೈಲೇ ಇರಲಿಲ್ಲ. ರೈಲಿನಲ್ಲಿ ಬರುವ ಮಾಲು ಮಂಗಳೂರಿನಲ್ಲಿ ಇಳಿದು ಲಾರಿಯಲ್ಲಿ ಬರಬೇಕು. ರೈಲು ನಿಲ್ಲುವ ಪುತ್ತೂರು ಆಂಧ್ರದಲ್ಲಿತ್ತು. ನಮ್ಮ ಶಟಲ್ ಬಳೆ ಅಲ್ಲಿ ಯಾರನ್ನೋ ಕಾಯುತ್ತಾ ಕುಳಿತಿತ್ತು.

“ಕಡಬದ ಅಕ್ಕನಿಗೆ ಎಂತ ಹೇಳ್ತೀಯ ಮಾರಾಯ?” ಎಂದರು ಧಣಿ. ಆ ವಾರ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೇರೆಯವರ ಮಿಷಿನ್ ಬಿಚ್ಚಿ ಕೂತಿದ್ದಾಗಲೂ ಕಡಬದ ಮಿಷಿನ್ನಿನ ಹಿಡಿಯೇ ಕೈಯಲ್ಲಿರುವಂತೆ ಅನಿಸುತ್ತಿತ್ತು.

ಕಡಬದ ಮಿಷಿನ್ನಿನ ಜೊತೆಗೇ ಕಂಪೆನಿಯಿಂದ ಬಂದ ಇನ್ನೊಂದು ಮಿಷಿನ್ ಸುಳ್ಯದ ಒಬ್ಬ ಟೈಲರನ ಹತ್ತಿರ ಇತ್ತು. ನಂಬರು ಕಡಬದ್ದಕ್ಕಿಂತ ಎರಡು ಹೆಚ್ಚು. ದೋಷ ಕಾರ್ಖಾನೆಯದಾದರೆ ಅಲ್ಲಿಯೂ ಕಾಣಬೇಕು ಎಂದು ಲೆಕ್ಕ ಹಾಕಿದೆ. ನನ್ನ ಮನೆ ಸುಳ್ಯದ ಹತ್ತಿರವೇ. ಒಂದು ಭಾನುವಾರ ಮನೆಗೆ ಹೋದವನು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಟೈಲರನ ಅಂಗಡಿಯ ಹಲಗೆ ತೆಗೆಯುವಾಗಲೇ ಹಾಜರಾದೆ. ಬೆಳ್ಳಂಬೆಳಿಗ್ಗೆ ದೂರು ಕೊಡದ ಗಿರಾಕಿಯ ಮಿಷಿನ್ ಪರೀಕ್ಷಿಸಲು ಬಂದ ಫಿಟ್ಟರನನ್ನು ಕಂಡು ಅವನಿಗೆ ಅನುಮಾನ ಬಂತು. ಮಿಷಿನ್ ವಾಪಸ್ ಕೇಳಲು ಬಂದಿದ್ದೀಯಾ ಎಂದು ಎರಡು ಸಲ ಕೇಳಿದ. ನಾನು ಚಕ್ರ ತಿರುಗಿಸಿದೆ. ಮಂಜು ಬಿದ್ದ ಆ ಬೆಳಿಗ್ಗೆಯೂ ಅದು ಬೆರಳ ತುದಿಗೆ ತಿರುಗಿತು. ಟೈಲರ್ ನನ್ನನ್ನು ಬದಿಗೆ ಸರಿಸಿ, ನಮ್ಮ ಅಂಗಡಿಯಿಂದಲೇ ಕೊಂಡ ಸಣ್ಣ ಬಾಟಲಿಯಿಂದ ಏಳು ತೂತಿಗೂ ಎಣ್ಣೆ ಬಿಟ್ಟು ಕೆಲಸಕ್ಕೆ ಕೂತ. ಅದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ಏನೂ ಹೊಳೆಯದೆ, ಆ ಅಂಗಡಿಯ ಕಾಫಿ ಕುಡಿದು ಬಂದೆ.

ಉಳಿದದ್ದು ಒಂದೇ ದಾರಿ. ಜನವರಿ ಮಧ್ಯದಲ್ಲಿ ಸಂಜೆಯ ಬಸ್ಸಿಗೆ ಕಡಬಕ್ಕೆ ಹೋಗಿ, ಪೇಟೆಯ ಒಂದು ಚಹಾದ ಹೋಟೆಲಿನ ಬೆಂಚಿನ ಮೇಲೆ ಮಲಗಿ, ಬೆಳಕು ಹರಿಯುವಾಗ ಅವರ ಮನೆಯ ಅಂಗಳದಲ್ಲಿ ನಿಂತಿದ್ದೆ. ಮನೆ ಹಳ್ಳದ ಬದಿಯ ತಗ್ಗಿನಲ್ಲಿತ್ತು. ಬಿಸಿಲು ಅಲ್ಲಿಗೆ ತಡವಾಗಿ ಇಳಿಯುತ್ತದೆ. ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಅವರು ನನ್ನನ್ನು ನೋಡಿ ಬಾಗಿಲು ಬಿಟ್ಟು ಸರಿದು ನಿಂತರು.

ಹಿಡಿ ತಿರುಗಿಸಿದೆ. ತಿರುಗಲಿಲ್ಲ. ಒತ್ತಿ ತಿರುಗಿಸಿದರೆ ಅರ್ಧ ಸುತ್ತು ಹೋಗಿ ನಿಂತಿತು, ಸೂಜಿ ನಿಧಾನಕ್ಕೆ ಇಳಿದು ಬಟ್ಟೆಯಲ್ಲೇ ಸಿಕ್ಕಿಕೊಂಡಿತು. ನೂಲು ಕಡಿಯಿತು. ಒಂದೂವರೆ ತಿಂಗಳಿಂದ ಅವರು ಹೇಳುತ್ತಿದ್ದುದು ಅಕ್ಷರ ಅಕ್ಷರ ನಿಜವಾಗಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ. ಇಪ್ಪತ್ತನಾಲ್ಕರಲ್ಲಿ ಒಂಬತ್ತು ರವಕೆ ಮಾತ್ರ ಆಗಿದೆ, ಹಿಂದಿನ ದಿನ ಕೋಡಿಂಬಾಳದಿಂದ ಜನ ಬಂದು, ಇನ್ನು ಆರು ದಿನದಲ್ಲಿ ಆಗದಿದ್ದರೆ ಬಟ್ಟೆ ವಾಪಸ್ ಕೊಡಿ, ಪುತ್ತೂರಿಗೆ ಕಳುಹಿಸುತ್ತೇವೆ ಎಂದು ಹೇಳಿ ಹೋಗಿದ್ದಾರೆ ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಬ್ಯಾಟರಿಯ ಬೆಳಕು ಬಿಟ್ಟು ತೂತುಗಳೊಳಗೆ ಇಣುಕಿದೆ, ಮೇಲಿನ ತಗಡು ಬಿಚ್ಚಿದೆ, ಬೆಲ್ಟ್ ಇಲ್ಲದ ಮಿಷಿನ್ನಿನಲ್ಲಿ ಇನ್ನೇನು ಬಿಗಿಯಾಗಬಹುದೆಂದು ತಲೆ ಕೆರೆದುಕೊಂಡೆ. ಬಿಗಿ ಅಡಿಯಲ್ಲಿತ್ತು, ಸೀಲ್ ಹಾಕಿದ ಮುಚ್ಚಳದ ಒಳಗೆ. ಅಷ್ಟರಲ್ಲಿ ಅಂಗಳದ ಒಂದು ಮೂಲೆಗೆ ಬಿಸಿಲಿನ ತುಂಡೊಂದು ಬಿತ್ತು. ಅವರು ಬಂದು ಮಿಷಿನ್ನನ್ನು ನನ್ನ ಕೈಯಿಂದ ಬಿಡಿಸಿ, ಎತ್ತಿಕೊಂಡು ಹೋಗಿ ಆ ಬಿಸಿಲಿನಲ್ಲಿ ಒಂದು ಮಣೆಯ ಮೇಲೆ ಇಟ್ಟರು. ಕಾದರೆ ಇದು ಸಡಿಲಾಗುತ್ತದೆ, ದಿನಾ ಹೀಗೇ ಮಾಡುವುದು, ಹತ್ತೂವರೆಯ ಮೇಲೆ ಹೊಲಿಯಬಹುದು ಎಂದರು. ಆಮೇಲೆ ಒಳಗೆ ಹೋಗಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ತಂದರು. ಚಳಿಗೆ ಅದು ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕರಗಲಿಕ್ಕೆ ಅದನ್ನೂ ಮಿಷಿನ್ನಿನ ಪಕ್ಕದಲ್ಲಿ ಇಟ್ಟರು.

ಮಣೆಯ ಮೇಲೆ ಎರಡೂ ಅಕ್ಕಪಕ್ಕ ಇದ್ದವು. ನಾನು ಆ ಬಾಟಲಿಯನ್ನೂ ಮಿಷಿನ್ನನ್ನೂ ನೋಡುತ್ತಾ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಮೂತಿ ಉದ್ದದ ಆ ಡಬ್ಬಿ ಎಲ್ಲಿ ಎಂದು ಕೇಳಿದೆ. ತಂದುಕೊಟ್ಟರು. ಭಾರ ಇತ್ತು, ಅಲ್ಲಾಡಿಸಿದರೆ ಸದ್ದಿಲ್ಲ.

“ಇದಕ್ಕೆ ಯಾವ ಎಣ್ಣೆ ಹಾಕಿದ್ದು ಅಕ್ಕ?”

“ಎಣ್ಣೆ,” ಎಂದರು ಅವರು. ಆಮೇಲೆ, “ನೀವು ಹೇಳಿದ್ದು ಎಣ್ಣೆ ಅಂತ ಅಲ್ವಾ? ದಿನಾ ಹಾಕಿದ್ದೇನೆ. ಒಂದು ದಿನ ತಪ್ಪಿಸ್ಲಿಲ್ಲ.”

ನಮ್ಮ ಕಡೆ ದೀಪಕ್ಕೆ ಸುರಿಯುವುದು ಚಿಮಿಣಿ ಎಣ್ಣೆ. ಎಳ್ಳಿನದಾದರೆ ಎಳ್ಳೆಣ್ಣೆ. ಹೆಸರಿನ ಮುಂದೆ ಏನೂ ಇಲ್ಲದೆ ಬರೀ ಎಣ್ಣೆ ಎಂದರೆ ಅದು ತೆಂಗಿನೆಣ್ಣೆ. ಉಚ್ಚಾರ ಒಂಚೂರು ಆಚೀಚೆ ಆದೀತು, ತುಳುವಿನಲ್ಲೂ ಬ್ಯಾರಿಯಲ್ಲೂ ಕನ್ನಡದಲ್ಲೂ ಅದೇ ಮಾತು, ಅದೇ ಅರ್ಥ. ನಾನೂ ಮನೆಯಲ್ಲಿ ಅಮ್ಮನ ಹತ್ತಿರ ಎಣ್ಣೆ ಕೊಡು ಎಂದರೆ ಕೇಳುತ್ತಿದ್ದುದು ಅದನ್ನೇ. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಮಾತ್ರ ಅದೇ ಮಾತು ನನ್ನ ಬಾಯಲ್ಲಿ ಮಿಷಿನ್ ಎಣ್ಣೆಯಾಗುತ್ತಿತ್ತು. ಮೂರು ಸಲ ಹೋದರೂ ನನ್ನ ಮೂಗಿಗೆ ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಧಣಿ ಕೇಳಿದರು. ತೆಂಗಿನೆಣ್ಣೆಯ ವಾಸನೆ ಬಾರದ ಮನೆ ನಮ್ಮಲ್ಲಿ ಯಾವುದುಂಟು? ಮೂಗು ಅದನ್ನು ಗಮನಿಸುವುದು ಬಿಟ್ಟು ಬಹಳ ಕಾಲವಾಗಿರುತ್ತದೆ.

ಹನಿ ಹನಿಯಾಗಿ ಇಳಿದ ಎಣ್ಣೆ ಅಡಿಯ ಮುಚ್ಚಳದೊಳಗೆ ಮೂರು ತಿಂಗಳಿಂದ ಸೇರಿತ್ತು. ರಾತ್ರಿಯ ಚಳಿಗೆ ಗಟ್ಟಿಯಾಗುವುದು, ಮಧ್ಯಾಹ್ನ ಕರಗುವುದು. ನಾನು ಬರುತ್ತಿದ್ದುದು ಕರಗಿದ ಮೇಲೆ. ಇನ್ಸ್‌ಪೆಕ್ಟರ್ ಫೆಬ್ರವರಿಯಲ್ಲಿ ಜಿಲ್ಲೆಗೆ ಬರುತ್ತಾರೆ ಎಂದು ಕೊನೆಗೆ ಮದ್ರಾಸು ಒಪ್ಪಿತ್ತು. ಆದರೆ ಅವರು ಬಂದು ಮುಚ್ಚಳ ತೆಗೆದ ಕೂಡಲೆ ಬೇರೆ ಎಣ್ಣೆ ಎಂದು ಬರೆದು ಗ್ಯಾರಂಟಿ ರದ್ದು ಮಾಡುತ್ತಾರೆ. ಅದು ಗ್ಯಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟರಲ್ಲಿ ಮದುವೆಯೂ ಮುಗಿದಿರುತ್ತದೆ.

ಒಂದು ಕ್ಷಣ ನನಗೆ ಅಡ್ಡ ಬುದ್ಧಿ ಬಂತು, ಮುಚ್ಚಿಡುವುದಿಲ್ಲ. ಸೀಸ ಮೆತ್ತಗಿನ ಲೋಹ. ಮೆಲ್ಲ ಬಿಡಿಸಿ, ಶುಚಿ ಮಾಡಿ, ಇಕ್ಕಳದಲ್ಲಿ ಒತ್ತಿ ಕೂರಿಸಿದರೆ ಯಾರಿಗೂ ತಿಳಿಯುವುದಿಲ್ಲ. ತೆಂಗಿನೆಣ್ಣೆಯ ಸುದ್ದಿಯನ್ನು ಈ ಅಕ್ಕನಿಗೂ ಹೇಳಬೇಕಾಗಿಲ್ಲ, ಏನೋ ಕಸ ಸಿಕ್ಕಿತ್ತು ಎಂದರೆ ಸಾಕು. ಹಾಗೆ ಮಾಡಿದರೆ ನನ್ನ ಮೂರು ಸಹಿಗಳೂ ಉಳಿಯುತ್ತಿದ್ದವು. ಚೀಲದಿಂದ ಇಕ್ಕಳ ತೆಗೆದು ಕೈಯಲ್ಲಿ ಹಿಡಿದೂ ಆಗಿತ್ತು. ಆದರೆ ನನ್ನ ಮುಂದೆ ಆ ಕೈ ಚಾಚಿದವರ ಎದುರು ಇನ್ನೊಂದು ಸುಳ್ಳು ಹೇಳಲು ನನಗೆ ನಾಚಿಕೆಯಾಯಿತು. ಇಕ್ಕಳ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ತಪ್ಪು ಮಿಷಿನ್ನಿನದಲ್ಲ, ನಿಮ್ಮದೂ ಅಲ್ಲ, ಯಾವ ಎಣ್ಣೆ ಎಂದು ಹೇಳದ ನನ್ನ ಬಾಯಿಯದು. ಕಂಪೆನಿ ಇದನ್ನು ಸರಿ ಮಾಡಿಕೊಡುವುದಿಲ್ಲ. ಈಗ ಸೀಲ್ ತೆಗೆದರೆ ಮೂರು ಗಂಟೆಯಲ್ಲಿ ನಾನು ಸರಿ ಮಾಡಬಲ್ಲೆ, ಆದರೆ ಆಮೇಲೆ ಐದು ವರ್ಷದ ಕಾಗದಕ್ಕೆ ಬೆಲೆ ಇಲ್ಲ.

ಅವರು ಬೈದರು. ಮೂರು ಸಲ ಬಂದು ಕೈ ಕೂತಿಲ್ಲ ಅಂದವರು ನೀವೇ ಅಲ್ಲವಾ, ನಾನು ರಾತ್ರಿಯೆಲ್ಲ ಕೈಸೂಜಿಯಲ್ಲಿ ಹೊಲಿದದ್ದು ಯಾರಿಂದ ಎಂದು ಕೇಳಿದರು. ಬ್ಯಾರಿಯಲ್ಲಿ ಇನ್ನೂ ಏನೇನೋ ಅಂದರು. ನನಗೆ ಪೂರ್ತಿ ಅರ್ಥವಾಗಲಿಲ್ಲ, ಆಗಬೇಕಾದ್ದು ಆಯಿತು. ನಾನು ತಲೆ ತಗ್ಗಿಸಿ ಕೂತೆ. ಬೈದು ಮುಗಿದ ಮೇಲೆ ಅವರು ಒಳಗೆ ಹೋಗಿ ಬಟ್ಟೆ ಕತ್ತರಿಸುವ ಕತ್ತರಿ ತಂದರು. ಮಿಷಿನ್ನನ್ನು ಮಗುಚಿ ಹಿಡಿಯಿರಿ ಎಂದರು. ನಾನು ಹಿಡಿದೆ.

“ನೀವು ಒಡೆದ್ರೆ ನಿಮ್ಮ ಕೆಲಸ ಹೋಗ್ತದೆ. ನಾನು ಒಡೆದ್ರೆ ಯಾರು ಎಂತ ಮಾಡುದು? ಮಿಷಿನ್ ನನ್ನದು,” ಎಂದು ತಂತಿಯನ್ನು ಕತ್ತರಿಸಿದರು. ಸೀಸದ ತುಂಡು ಅಂಗಳಕ್ಕೆ ಉರುಳಿತು. ಒಳ್ಳೆಯ ಕತ್ತರಿಯ ಬಾಯಿ ಅಲ್ಲಿಗೆ ಒಂದು ಕಡೆ ಮೊಂಡಾಯಿತು.

ಮುಚ್ಚಳದ ಒಳಗೆ ಹಳದಿ ಮುದ್ದೆ ತುಂಬಿತ್ತು. ಬಟ್ಟೆಯ ಜುಂಗು ಸೇರಿ ಬೆಣ್ಣೆಯಷ್ಟು ಗಟ್ಟಿಯಾಗಿ ಸರಳುಗಳ ಕೀಲುಗಳನ್ನೆಲ್ಲ ಹಿಡಿದುಕೊಂಡಿತ್ತು. ಬಿದಿರಿನ ಕಡ್ಡಿಯಲ್ಲಿ ಅದನ್ನು ಕೆರೆದು ತೆಗೆದೆ. ಶಟಲ್ ಆಡಿಸುವ ಸರಳನ್ನೂ ಬಟ್ಟೆ ಸರಿಸುವ ಹಲ್ಲಿನ ಕೀಲನ್ನೂ ಬಿಚ್ಚಿ ಚಿಮಿಣಿ ಎಣ್ಣೆಯ ತಟ್ಟೆಯಲ್ಲಿ ನೆನೆಹಾಕಿದೆ. ಉಳಿದಲ್ಲಿಗೆ ಕೋಳಿಯ ಗರಿ ಅದ್ದಿ ಉಜ್ಜಿದೆ. ಏಳೂ ತೂತುಗಳೊಳಗೆ ಚಿಮಿಣಿ ಎಣ್ಣೆ ಬಿಟ್ಟು, ಹಿಡಿ ತಿರುಗಿಸಿ, ಕೆಳಗೆ ಇಳಿಯುವ ಕೊಳೆ ನಿಲ್ಲುವವರೆಗೂ ಮೂರು ಸಲ ತೊಳೆದೆ. ಅವರು ಹಳೆಯ ಲುಂಗಿಯ ತುಂಡಿನಲ್ಲಿ ಒಂದೊಂದು ಭಾಗವನ್ನೂ ಒರೆಸಿ ಸಾಲಾಗಿ ಇಟ್ಟುಕೊಟ್ಟರು. ಯಾವುದು ಯಾವುದರ ಕೆಲಸ ಮಾಡುತ್ತದೆ ಎಂದು ಕೇಳಿ ತಿಳಿದುಕೊಂಡರು. ಪುನಃ ಜೋಡಿಸುವಾಗ ಒಂದು ವಾಷರ್ ನಾನು ಮರೆತದ್ದನ್ನು ತೋರಿಸಿದವರು ಅವರೇ. ಕೊನೆಗೆ ನನ್ನ ಚೀಲದ ಬಾಟಲಿಯಿಂದ ಎಣ್ಣೆ ಬಿಟ್ಟೆ. ಹಿಡಿಗೆ ಕೈ ಹಾಕಲು ನಾನು ಹೋಗಲಿಲ್ಲ. ಅವರೇ ಕೂತರು, ಒಂದು ಸುತ್ತು ಮೆಲ್ಲ ತಿರುಗಿಸಿ ಬೆರಳಿಗೆ ಕಿವಿಗೊಟ್ಟ ಹಾಗೆ ನಿಲ್ಲಿಸಿದರು, ಆಮೇಲೆ ನಿಲ್ಲಿಸದೆ ಹೊಲಿದರು.

ಬಾಟಲಿಯನ್ನು ಅಲ್ಲೇ ಬಿಟ್ಟು, ತೆಂಗಿನೆಣ್ಣೆಯ ಡಬ್ಬಿಯನ್ನು ತೊಳೆದು ಕೊಟ್ಟು ಮಧ್ಯಾಹ್ನದ ಬಸ್ಸು ಹಿಡಿದೆ. ಸಮಾಧಾನ ಇರಲಿಲ್ಲ. ಆ ಆರು ದಿನ ಅಂಗಡಿಯ ಮುಂದೆ ಕಡಬದ ಬಸ್ಸು ನಿಂತಾಗಲೆಲ್ಲ ಕಂಡಕ್ಟರನ ಕೈ ನೋಡುತ್ತಿದ್ದೆ, ಎಲ್ಲಿ ಇನ್ನೊಂದು ಕಾಗದ ಬರುತ್ತದೋ ಎಂದು. ಬರಲಿಲ್ಲ. ಇಪ್ಪತ್ತನಾಲ್ಕೂ ರವಕೆ ಹೇಳಿದ ದಿನಕ್ಕೆ ಕೋಡಿಂಬಾಳ ಸೇರಿದವು ಎಂದು ಆಮೇಲೆ ತಿಳಿಯಿತು. ಕಲೆ ಬಿದ್ದ ಹಸಿರು ರೇಶಿಮೆಯದನ್ನು ಮಾತ್ರ ಮದುವೆ ಮನೆಯವರು ವಾಪಸ್ ಕಳುಹಿಸಿದರಂತೆ. ಅದರ ಬಟ್ಟೆಯ ಹಣವನ್ನು ಅಕ್ಕ ತಮ್ಮ ಕೈಯಿಂದ ತುಂಬಿಕೊಟ್ಟರಂತೆ. ಅದು ನನ್ನಿಂದಾದ ನಷ್ಟ. ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ.

ಕಂಪೆನಿಗೆ ಕಳುಹಿಸುವ ಫಾರಂ ಒಂದಿತ್ತು. ಸೀಲ್ ಒಡೆದಿದ್ದರೆ ಒಡೆದವರು ಯಾರು, ಕಾರಣವೇನು ಎಂದು ಎರಡು ಖಾನೆಗಳು. ಗಿರಾಕಿ ತಪ್ಪು ಎಣ್ಣೆ ಹಾಕಿದ್ದರಿಂದ ಎಂದು ಬರೆ, ಅದು ಸುಳ್ಳೂ ಅಲ್ಲವಲ್ಲ ಎಂದರು ಧಣಿ. ಸುಳ್ಳಲ್ಲ ನಿಜ. ಆ ನಿಜದಿಂದ ಏಜೆನ್ಸಿ ಬಚಾವಾಗುತ್ತಿತ್ತು, ನಾನೂ ಬಚಾವಾಗುತ್ತಿದ್ದೆ. ಪೆನ್ನು ಹಿಡಿದು ಅರ್ಧ ದಿನ ಅಂಗಡಿಯಲ್ಲಿ ಶತಪಥ ಹಾಕಿದೆ. ಕೊನೆಗೆ ಮೊದಲ ಖಾನೆಯಲ್ಲಿ ‘ಮಾಲಕರು’ ಎಂದು ಬರೆದೆ. ಎರಡನೆಯದರಲ್ಲಿ ‘ಯಾವ ಎಣ್ಣೆ ಎಂದು ಫಿಟ್ಟರ್ ಹೇಳದೆ ಇದ್ದುದು’ ಎಂದು ಬರೆದು ಸಹಿ ಹಾಕಿದೆ. ಧಣಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಫಾರಂ ಮಾತ್ರ ಟಪಾಲಿಗೆ ಹಾಕಿದರು. ಅದನ್ನು ಯಾವ ಊರಿನಲ್ಲಿ ಯಾರು ಓದಿದರೋ, ಉತ್ತರ ಬರಲಿಲ್ಲ. ನನ್ನ ಕೆಲಸವೂ ಹೋಗಲಿಲ್ಲ.

ಬಂದದ್ದು ಬೇರೆ. ಫೆಬ್ರವರಿಯ ಕೊನೆಗೆ ಬೆಂಗಳೂರು ಶಾಖೆಯಿಂದ ಒಂದು ಕಟ್ಟು. ಹೊಸ ರಾಜ್ಯದ ಗಿರಾಕಿಗಳಿಗೆಂದು ಕಂಪೆನಿ ಪುಸ್ತಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿತ್ತು. ಚಿತ್ರಗಳೆಲ್ಲ ಚೆನ್ನಾಗಿದ್ದವು. ನಾನು ಒಂದು ಪ್ರತಿ ಹಿಡಿದುಕೊಂಡು ಐದನೆಯ ಸಲ ಕಡಬಕ್ಕೆ ಹೋದೆ. ಅಕ್ಕ ಯಾರದ್ದೋ ಹೊಸ ಬಟ್ಟೆ ಹೊಲಿಯುತ್ತಿದ್ದರು, ಪಕ್ಕದಲ್ಲಿ ಇನ್ನೂ ಮೂರು ಗಂಟುಗಳಿದ್ದವು. ಕೈ ನಿಲ್ಲಿಸದೆ, ಓದಿ ಎಂದರು. ನಾನು ಮೊದಲ ಪುಟದಿಂದ ಓದುತ್ತಾ ಹೋದೆ. ನೂಲು, ಬಾಬಿನ್, ಸೂಜಿ. ಐದನೆಯ ಪುಟದಲ್ಲಿ ಏಳು ತೂತುಗಳ ಚಿತ್ರವಿತ್ತು. ಅದರ ಕೆಳಗಿನ ಸಾಲನ್ನೂ ಓದಿದೆ. ‘ಪ್ರತಿದಿನವೂ ತಪ್ಪದೆ ಎರಡೆರಡು ಹನಿ ಎಣ್ಣೆ ಹಾಕಿರಿ.’

ಹಿಡಿ ನಿಂತಿತು.

“ಯಾವ ಎಣ್ಣೆ ಅಂತ ಬರೆದಿಲ್ವಾ?” ಎಂದು ಕೇಳಿದರು ಅವರು.

ನಾನು ಸಾಲನ್ನು ಇನ್ನೊಮ್ಮೆ ನೋಡಿದೆ. ಬರೆದಿರಲಿಲ್ಲ. ಪುತ್ತೂರಿನ ಅಂಗಡಿಯಲ್ಲಿ ಇಂಥವು ಇನ್ನೂ ಇನ್ನೂರು ಪ್ರತಿ ಇದ್ದವು. ಅವರು ಪುಸ್ತಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಪುಟ ತೆರೆದು ಮಿಷಿನ್ನಿನ ಮೇಲಿಟ್ಟು, ನನ್ನ ಜೇಬಿನ ಪೆನ್ನಿನ ಕಡೆ ಕೈ ತೋರಿಸಿದರು.